ಕೌತುಕನಿಧಿಯ ಛದಗಳೂ ಜರ್ಮನಿಯ ಚಿತ್ರಕಾರ-ವಿಮರ್ಶಕ ಲೈಡೆನ್ನರೂ

ಮೈಸೂರಿನ ಮುಮ್ಮಡಿ ಶ್ರೀಕೃಷ್ಣರಾಜ ಒಡೆಯರವರ (1794–1868) ಅಂಕಿತವುಳ್ಳ ಶ್ರೀತತ್ತ್ವನಿಧಿಯೆಂಬ ಸಚಿತ್ರ ಮಹಾಸಂಗ್ರಹವು ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ, ಬ್ರಹ್ಮನಿಧಿ, ಗ್ರಹನಿಧಿ, ವೈಷ್ಣವನಿಧಿ, ಶೈವನಿಧಿ, ಆಗಮನಿಧಿ, ಕೌತುಕನಿಧಿ ಎಂದು ಒಂಬತ್ತು ಭಾಗಗಳಾಗಿ ವಿಂಗಡಿಸಲ್ಪಟ್ಟಿರುವುದು ವಾಚಕರಿಗೆ ವಿದಿತವೇ ಆಗಿದೆ. ಇವುಗಳಲ್ಲಿ ಮೊದಲಿನ ಭಾಗಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಮುಂಬಯಿಯ ವೆಂಕಟೇಶ್ವರ ಮುದ್ರಣಾಲಯದಲ್ಲಿ ಅಚ್ಚಾಗಿ, ದೇವತಾಮೂರ್ತಿಗಳ ಧ್ಯಾನಶ್ಲೋಕಗಳನ್ನು ಅರಸುವ ಶಿಲ್ಪಿಗಳಿಗೂ ಅರ್ಚಕರಿಗೂ ಉಪಯುಕ್ತವಾದುವು. ಕಡೆಯದಾದ ಕೌತುಕನಿಧಿಯ ಗತಿ ಮಾತ್ರ ಬೇರೆಯಾಯಿತು. ಅದರಲ್ಲಿ ದೇವತಾಧ್ಯಾನಗಳಿಗೆ ಬದಲಾಗಿ ಯೋಗಾಸನಗಳೂ ಆಟಗಳೂ ಬಗೆಬಗೆಯ ವಿನೋದಗಳೂ ಇರುವುದರಿಂದ ಪಂಡಿತವರ್ಗವು ಅದನ್ನು ಗ್ರಂಥದ ಬಾಲವೆಂದು ಎಣಿಸಿ ಸುಮ್ಮನಾಯಿತು.

ಹಾಗೆ ಎಣಿಸಿದವರಲ್ಲಿ ಈ ಲೇಖಕನೂ ಒಬ್ಬನು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಹೊನ್ನಾಳಿಯ ಒಂದು ಗೋಷ್ಠಿಯಲ್ಲಿ ಶ್ರೀತತ್ತ್ವನಿಧಿಯ ವಿಷಯವಾಗಿ ಮಾತನಾಡುತ್ತ, ಎಂಟು ನಿಧಿಗಳನ್ನು ಹೊಗಳಿ, ಒಂಬತ್ತನೆಯದು ರಾಜ್ಯಭಾರವಿಲ್ಲದ ದೊರೆಯ ಕಾಲಹರಣವೆಂದು ಹೇಳಿಬಿಟ್ಟೆನು. ಸಭಿಕರು ನಕ್ಕರು, ನನಗೂ ಮಾತು ಚೆನ್ನಾಗಿತ್ತೆಂದೇ ತೋರಿತು. ಮೂಲವನ್ನು ನೋಡದೆ ಆಡಿದ ಮಾತು ಅದು. ಕೌತುಕನಿಧಿಯ ಎರಡು ಪ್ರಕರಣಗಳನ್ನು ಲೋಕಕ್ಕೆ ತೋರಿಸಿಕೊಟ್ಟವರು ಇಬ್ಬರು ಹೊರದೇಶದವರೆಂಬುದನ್ನು ಆಮೇಲೆ ತಿಳಿದಾಗ ನಾಚಿಕೆಯಾಯಿತು. ನೂರ ಇಪ್ಪತ್ತೆರಡು ಆಸನಗಳ ಪ್ರಕರಣವನ್ನು ಚಿತ್ರಸಮೇತವಾಗಿ 1996ರಲ್ಲಿ ಪ್ರಕಟಿಸಿದವರು ಕೆನಡಾ ದೇಶದ ನಾರ್ಮನ್ ಶೋಮನ್ನರು. ಅದಕ್ಕೂ ಮೊದಲು, 1973ರಲ್ಲಿ, ಅದರೊಳಗಿನ ಎಲೆಯಾಟಗಳನ್ನು ಕುರಿತು ವಿಯೆನ್ನಾ ನಗರದಲ್ಲಿ ಪುಸ್ತಕವನ್ನು ಹೊರಡಿಸಿದವರು ಜರ್ಮನಿಯ ರುಡೋಲ್ಫ್ ಫಾನ್ ಲೈಡೆನ್ನರು. ಇವರು ಚಿತ್ರಕಾರರು, ವ್ಯಂಗ್ಯಚಿತ್ರಕಾರರು, ಮತ್ತು ಮುಂಬಯಿಯಲ್ಲಿ ಬಹುಕಾಲ ಹೆಸರಾಗಿದ್ದ ಕಲಾವಿಮರ್ಶಕರು. ಇವರ ಚರಿತ್ರೆಯನ್ನೂ ಇವರು ಕೈಹಾಕಿದ ವಿಷಯವನ್ನೂ ನಮ್ಮ ಕಡೆಯ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶವು. ಹಳೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ಇದರಲ್ಲಿ ಸೇರಿದೆ.

ಚಿತ್ರ ಬರೆಯುವವನೇ ಚಿತ್ರದ ಗುಣದೋಷಗಳನ್ನು ವಿಚಾರಿಸಬಹುದೇ ಎಂಬ ಪ್ರಶ್ನೆ ನಮ್ಮ ಅಲಂಕಾರಿಕರಿಗೆ ಹೊಸದಲ್ಲ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಪ್ರತಿಭೆಯನ್ನು ಕಾರಯಿತ್ರೀ, ಭಾವಯಿತ್ರೀ ಎಂದು ಎರಡಾಗಿ ವಿಭಾಗಿಸಿ, ಇವೆರಡೂ ಒಬ್ಬನಲ್ಲಿಯೇ ಇರುವುದು ಅಪೂರ್ವವೆಂಬ ಪಕ್ಷವನ್ನು ಎತ್ತಿ ಚರ್ಚಿಸಿದ್ದಾನೆ. ಭಾವಕರಲ್ಲಿ ಅರೋಚಕಿ, ಸತೃಣಾಭ್ಯವಹಾರಿ, ಮತ್ಸರಿ, ತತ್ತ್ವಾಭಿನಿವೇಶಿ ಎಂಬ ನಾಲ್ಕು ಬಗೆಯನ್ನು ಹೇಳಿ, ಕಡೆಯವನು ದೊರೆಯುವುದು ಬಹು ದುರ್ಲಭವೆನ್ನುತ್ತಾನೆ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಈ ಎರಡು ಕೆಲಸಗಳನ್ನೂ ಒಟ್ಟಿಗೆ ಹೊತ್ತವರು ಕಾಣಸಿಗುತ್ತಾರೆ. ಅವರಲ್ಲಿ ಪ್ರಸಿದ್ಧನಾದವನು ಕಾನ್‌ಸ್ಟಾನ್ಸ್ ಊರಿನ ಫ್ರೀಡ್ರಿಕ್ ಪೆಖ್ಟ್ (1814–1903). ಈತನು ಕಲ್ಲಚ್ಚಿನ ಚಿತ್ರಗಳಿಂದ ಆರಂಭಿಸಿ, ಪ್ಯಾರಿಸಿನಲ್ಲಿ ದೆಲಾರೋಷನ ಬಳಿ ಅಭ್ಯಾಸಮಾಡಿ, ಸಂಗೀತಗಾರನಾದ ವಾಗ್ನರನ ಸ್ನೇಹವನ್ನು ಸಂಪಾದಿಸಿ ಅವನ ಭಾವಚಿತ್ರವನ್ನೂ ಬರೆದನು. ವಯಸ್ಸಾದಂತೆ ಕುಂಚಕ್ಕಿಂತ ಲೇಖನಿಯೇ ಈತನ ಕೈಯಲ್ಲಿ ಹೆಚ್ಚಾಗಿ ಆಡಿತು. ತನ್ನ ಶತಮಾನದ ಜರ್ಮನ್ ಕಲಾವಿದರ ಚರಿತ್ರೆಗಳನ್ನು ಸಂಪುಟಗಳಾಗಿ ಬರೆದನು. 1885ರಲ್ಲಿ ಆರಂಭವಾದ, ಸರ್ವರಿಗೂ ಕಲೆಯೆಂಬ ಅರ್ಥದ ಹೆಸರುಳ್ಳ ಪತ್ರಿಕೆಯನ್ನು ಮ್ಯೂನಿಕ್ ನಗರದಿಂದ ನಡೆಸಿದನು. ಕಲೆಯು ಆಯಾ ಜನಾಂಗದ ಸ್ವಭಾವದಿಂದ ಹುಟ್ಟಬೇಕೆಂಬುದು ಈತನ ವಾದ. ಈತನು ನಮ್ಮ ದೇಶಕ್ಕೆ ಬಂದವನಲ್ಲ. ಆದರೆ ಲೈಡೆನ್ನರು ಯಾವ ಪರಂಪರೆಯ ಕಡೆಯ ಕೊಂಡಿಯೆಂಬುದನ್ನು ತಿಳಿಯಲು ಈತನ ಹೆಸರು ಸಹಾಯವಾಗುತ್ತದೆ. ಪೆಖ್ಟನು ಸ್ವದೇಶದಲ್ಲಿ ಕುಳಿತು ಸ್ವದೇಶದ ಕಲೆಯನ್ನು ಸಮರ್ಥಿಸಿದನು. ಲೈಡೆನ್ನರ ಪಾಲಿಗೆ ಸ್ವದೇಶವೇ ಉಳಿಯಲಿಲ್ಲ.

ಲೈಡೆನ್ನರು 1908ರಲ್ಲಿ ಬರ್ಲಿನ್ ನಗರದಲ್ಲಿ ಹುಟ್ಟಿದರು. ಅಭ್ಯಾಸಮಾಡಿದ್ದು ಭೂಗರ್ಭಶಾಸ್ತ್ರವನ್ನು, ಅದರಲ್ಲಿ ಡಾಕ್ಟರ್ ಪದವಿಯನ್ನೂ ಪಡೆದರು. ಚಿತ್ರಕಲೆ ಜೊತೆಯಲ್ಲಿಯೇ ಬೆಳೆದುಬಂದ ಆಸಕ್ತಿ. 1933ರಲ್ಲಿ ಜರ್ಮನಿಯ ಅಧಿಕಾರವು ನಾಟ್ಸೀ ಪಕ್ಷದ ಕೈಗೆ ಹೋಯಿತು. ಯೆಹೂದ್ಯ ರಕ್ತಸಂಬಂಧವುಳ್ಳ ಮನೆತನಕ್ಕೆ ಅಲ್ಲಿ ಕ್ಷೇಮವಿರಲಿಲ್ಲ. ಅದೇ ವರ್ಷ ಇವರು ಮುಂಬಯಿಗೆ ಬಂದು ಇಳಿದರು. ಕಲ್ಲುಗಳ ಶಾಸ್ತ್ರವು ಇಲ್ಲಿ ಅನ್ನವನ್ನು ಕೊಡಲಿಲ್ಲ. ಜಾಹೀರಾತಿನ ಚಿತ್ರಗಳು ಕೊಟ್ಟುವು. ಅನಂತರ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯ ಸಂಸ್ಥೆಗೆ ಸೇರಿ, ಅದರಲ್ಲಿ ಕಲಾಪ್ರದರ್ಶನಗಳ ವಿಮರ್ಶೆಗಳನ್ನು ಬರೆಯತೊಡಗಿದರು. ತಮ್ಮ ಹೆಸರಿನ ಅಕ್ಷರಗಳನ್ನೇ ಹಿಂದುಮುಂದುಮಾಡಿ 'ಡೆನ್ಲೀ' ಎಂಬ ಗುಪ್ತನಾಮದಿಂದ ರಾಜಕೀಯ ವ್ಯಂಗ್ಯಚಿತ್ರಗಳನ್ನೂ ಬರೆದರು.

ಆ ಕಾಲದ ಮುಂಬಯಿಯಲ್ಲಿ ಹೊಸ ಚಿತ್ರಕಾರರಿಗೆ ಮೂವರು ಪರದೇಶಸ್ಥರು ಆಸರೆಯಾದರು. ಒಬ್ಬರು ಆಸ್ಟ್ರಿಯಾದ ಚಿತ್ರಕಾರ ವಾಲ್ಟರ್ ಲ್ಯಾಂಗ್‌ಹ್ಯಾಮರ್, ಇನ್ನೊಬ್ಬರು ಚಿತ್ರಗಳನ್ನು ಕೊಂಡು ಸಂಗ್ರಹಿಸುತ್ತಿದ್ದ ಎಮಾನುಯೆಲ್ ಶ್ಲೆಸಿಂಗರ್, ಮೂರನೆಯವರೇ ಲೈಡೆನ್. ಮೂವರೂ ಜರ್ಮನ್ ಭಾಷೆಯವರು, ಮೂವರೂ ಹಿಟ್ಲರನ ಕಾಟದಿಂದ ತಪ್ಪಿಸಿಕೊಂಡು ಬಂದವರು. 1947ರಲ್ಲಿ ಸೋಜಾ, ರಜಾ, ಹುಸೇನ್, ಆರಾ, ಗಾಡೆ, ಬಾಕ್ರೆ ಎಂಬ ಆರು ಮಂದಿ ಕೂಡಿ ಪ್ರಗತಿಶೀಲ ಕಲಾವಿದರ ಗುಂಪನ್ನು ಕಟ್ಟಿದಾಗ, ಅವರ ಪರವಾಗಿ ಬರೆದು ವಾಚಕರ ಕಣ್ಣನ್ನು ತಿದ್ದಿದ ವಿಮರ್ಶಕರಲ್ಲಿ ಇವರು ಮುಖ್ಯರು. ಹೊಟ್ಟೆಪಾಡಿಗೆ ಮನೆಗೆಲಸ ಮಾಡಿಕೊಂಡಿದ್ದ ಆರಾ ಎಂಬ ತರುಣನ ಕೈಯಲ್ಲಿ ಶಕ್ತಿಯಿದೆಯೆಂದು ಗುರುತಿಸಿದವರಲ್ಲಿ ಇವರೂ ಒಬ್ಬರು. ಇವರ ಬದುಕಿನ ಈ ಭಾಗವನ್ನು ಕುರಿತು ಇಂಗ್ಲೀಷಿನಲ್ಲಿ ಬೇಕಾದಷ್ಟು ಬರೆದಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ. ಮುಂದೆ ವ್ಯಾಪಾರಸಂಸ್ಥೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು, ಕಡೆಗಾಲದಲ್ಲಿ ವಿಯೆನ್ನಾಕ್ಕೆ ಹೋಗಿ ನೆಲಸಿ, 1983ರಲ್ಲಿ ಅಲ್ಲಿಯೇ ತೀರಿಕೊಂಡರು.

ಹೊಸ ಚಿತ್ರಕಲೆಯ ಪಕ್ಷಪಾತಿಯೆಂದು ಹೆಸರಾದ ಈ ಗೃಹಸ್ಥರು ಹಳೆಯ ದುಂಡೆಲೆಗಳ ಬೆನ್ನು ಹತ್ತಿದುದು ಮೇಲುನೋಟಕ್ಕೆ ವಿಚಿತ್ರವಾಗಿ ತೋರುತ್ತದೆ. ಗಂಜೀಫವೆಂಬ ಆಟವು ಪಾರಸೀಕರ ದೇಶದ ಕಡೆಯಿಂದ ಮೊಗಲರೊಡನೆ ನಮ್ಮಲ್ಲಿಗೆ ಬಂದದ್ದು. ಬಾಬರನು 1527ರಲ್ಲಿ ಸಿಂಧದ ಪ್ರಭುವಿಗೆ ಈ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ದಿನಚರಿಯಲ್ಲಿದೆ. ಅಕ್ಬರನ ಆಸ್ಥಾನದ ಆಟದ ವಿವರವನ್ನು ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ಬರೆದಿಟ್ಟಿದ್ದಾನೆ. ಮೊಗಲ್ ಗಂಜೀಫದಲ್ಲಿ ಎಂಟು ವರ್ಗಗಳು, ವರ್ಗಕ್ಕೆ ಹನ್ನೆರಡರಂತೆ 96 ಎಲೆಗಳು. ಹಿಂದೂಗಳ ಕೈಗೆ ಬಂದಮೇಲೆ ಇದೇ ಆಟವು ದಶಾವತಾರದ ಗಂಜೀಫವಾಗಿ ಮಾರ್ಪಟ್ಟಿತು: ಅವತಾರಕ್ಕೊಂದರಂತೆ ಹತ್ತು ವರ್ಗಗಳು, ಒಂದೊಂದರಲ್ಲಿ ರಾಜ, ಮಂತ್ರಿ, ಮತ್ತು ಒಂದರಿಂದ ಹತ್ತರವರೆಗಿನ ಅಂಕೆಯ ಎಲೆಗಳು, ಒಟ್ಟು 120. ಐದು ಅವತಾರಗಳಲ್ಲಿ ಅಂಕೆಗಳ ಬಲವು ಒಂದು ಕ್ರಮದಲ್ಲಿ ನಡೆದರೆ ಉಳಿದ ಐದರಲ್ಲಿ ತಿರುಗುಮುರುಗಾಗುತ್ತದೆ. ಹಗಲಿನಲ್ಲಿ ಆಡುವಾಗ ರಾಮನ ಎಲೆಯುಳ್ಳವನು ಮೊದಲಿಡಬೇಕು. ರಾತ್ರಿಯಾದರೆ ಕೃಷ್ಣನ ಎಲೆಯುಳ್ಳವನು. ರಾಮನು ಸೂರ್ಯವಂಶದವನು, ಕೃಷ್ಣನು ಚಂದ್ರವಂಶದವನು ಮತ್ತು ನಡುರಾತ್ರಿಯಲ್ಲಿ ಹುಟ್ಟಿದವನು ಎಂಬುದನ್ನು ಬಲ್ಲವರಿಗೆ ಈ ನಿಯಮದ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ.

ಈ ಎಲೆಗಳನ್ನು ಬಟ್ಟೆ ಅಥವಾ ಕಾಗದವನ್ನು ಪದರಪದರವಾಗಿ ಅಂಟಿಸಿ, ದುಂಡಗೆ ಕತ್ತರಿಸಿ, ಬಣ್ಣ ಬಳಿದು, ಮೆರುಗೆಣ್ಣೆ ಕೊಟ್ಟು ಸಿದ್ಧಮಾಡುತ್ತಿದ್ದರು. ಅರಸುಮನೆಗಳಿಗಾದರೆ ದಂತದ ಎಲೆಗಳೂ ಉಂಟು. ಅಂಗೈಯಲ್ಲಿ ಅಡಗುವಷ್ಟು ಸ್ಥಳದಲ್ಲಿ ಒಂದು ದೇವತೆ, ವಾಹನ, ಪರಿವಾರ, ಹಿನ್ನೆಲೆಯ ಬಣ್ಣ ಇವೆಲ್ಲವನ್ನೂ ತಪ್ಪಿಲ್ಲದೆ ತರಬೇಕಾದರೆ ಚಿತ್ರಗಾರನ ಕೈ ಎಷ್ಟು ಪಳಗಿರಬೇಕು! ವಿಮರ್ಶಕರಾದ ಲೈಡೆನ್ನರ ಆಸಕ್ತಿಗೆ ಇದೇ ಕಾರಣವಿರಬೇಕೆಂದು ನನ್ನ ಊಹೆ. ಅವರು ಸ್ವತಃ ಚಿತ್ರ ಬರೆಯಬಲ್ಲವರಾದುದರಿಂದ, ಅಳತೆ ಚಿಕ್ಕದೆಂದು ಕೃತಿಯನ್ನು ಚಿಕ್ಕದಾಗಿ ಕಾಣಲಿಲ್ಲ. ಇದಲ್ಲದೆ ಭೂಗರ್ಭಶಾಸ್ತ್ರಜ್ಞರ ಅಭ್ಯಾಸವೊಂದು ಅವರಲ್ಲಿ ಉಳಿದಿತ್ತು. ಚದರಿಹೋದ ತುಂಡುಗಳನ್ನು ಕೂಡಿಸಿ, ಇದು ಯಾವ ಪದರದ್ದು, ಇದು ಯಾವುದರ ಜೊತೆಯದು ಎಂದು ವಿಂಗಡಿಸುವ ಅಭ್ಯಾಸವದು. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ನಡೆದ ಗಂಜೀಫ ಪ್ರದರ್ಶನಕ್ಕೆ ಅವರು ಬರೆದ ಗ್ರಂಥವು ಈ ಅಭ್ಯಾಸದ ಫಲವೆನ್ನಬಹುದು.

ಇಷ್ಟರಮಟ್ಟಿಗೆ ವಿಷಯವು ಸರ್ವದೇಶಸಾಧಾರಣ. ಮೈಸೂರಿನ ವಿಶೇಷವು ಮುಂದಿರುವುದು. ಮುಮ್ಮಡಿಯವರು ಹಳೆಯ ಗಂಜೀಫಕ್ಕೆ ತೃಪ್ತರಾಗದೆ ತಾವೇ ಹತ್ತಕ್ಕೂ ಮೇಲ್ಪಟ್ಟು ಹೊಸ ಆಟಗಳನ್ನು ಕಲ್ಪಿಸಿ, ಅವುಗಳಿಗೆ ಛದಗಳೆಂದು ಹೆಸರಿಟ್ಟು, ಕೌತುಕನಿಧಿಯಲ್ಲಿ ವಿವರಿಸಿದರು. ಚಾಮುಂಡೇಶ್ವರೀ ಛದ, ಜಗನ್ಮೋಹನ ಛದ, ನವಗ್ರಹ ಛದ, ಕೃಷ್ಣರಾಜ ಛದ ಮೊದಲಾದುವು ಇವುಗಳ ಹೆಸರುಗಳು. ಸಾಮಾನ್ಯವಾಗಿ ಒಂದು ವರ್ಗಕ್ಕೆ ಹನ್ನೆರಡು ಅಂಕೆಯ ಎಲೆಗಳು, ಆರು ಚಿತ್ರದ ಎಲೆಗಳು. ಎಂದರೆ ದಶಾವತಾರದಲ್ಲಿ ರಾಜನೂ ಮಂತ್ರಿಯೂ ಇದ್ದಲ್ಲಿ ಇಲ್ಲಿ ಆರು ಮೂರ್ತಿಗಳ ಪರಿವಾರವೇ ಏರ್ಪಟ್ಟಿತು. ಕೆಲವು ಆಟಗಳಲ್ಲಿ ವರ್ಗಗಳು ಹದಿನೆಂಟರವರೆಗೆ ಏರುತ್ತವೆ. ಚಾಮುಂಡೇಶ್ವರೀ ಛದದಲ್ಲಿ ಹದಿನಾರು ವರ್ಗಗಳು, ವರ್ಗಕ್ಕೆ ಇಪ್ಪತ್ತರಂತೆ 320 ಎಲೆಗಳು. ಅತ್ಯಂತ ದೊಡ್ಡದರಲ್ಲಿ ಎಲೆಗಳು 360. ಇದು ಸಾವನವರ್ಷದ ದಿನಸಂಖ್ಯೆಯೆಂಬುದನ್ನು ಜ್ಯೋತಿಷಿಗಳು ಗಮನಿಸಬಹುದು. ದೊರೆಯ ಅಭಿಪ್ರಾಯವೂ ಅದೇ ಆಗಿತ್ತೆಂದು ನಾನು ಸಾಧಿಸಹೊರಡುವುದಿಲ್ಲ. ಯಾವ ಎಲೆ ಬಿತ್ತು, ಯಾವುದು ಉಳಿಯಿತು ಎಂಬುದನ್ನು 360ರಲ್ಲಿ ನೆನಪಿಟ್ಟು ಆಡತಕ್ಕವನು ಅಷ್ಟಾವಧಾನಿಯೇ ಸರಿ. ಆದಕಾರಣವೇ ಈ ಆಟಗಳು ಅರಮನೆಯ ಸುತ್ತುಗೋಡೆಯನ್ನು ದಾಟಿ ಊರುಗಳಿಗೆ ಬಂದಂತೆ ತೋರುವುದಿಲ್ಲ. ನಮ್ಮ ಹೊನ್ನಾಳಿ ಚನ್ನಗಿರಿಗಳ ಕಡೆ ದೀಪಾವಳಿಯಲ್ಲಿ ಜಗಲಿಯ ಮೇಲೆ ಹರಡುವುದು ಐವತ್ತೆರಡು ಎಲೆಯ ಇಸ್ಪೀಟೇ ಹೊರತು ಛದವಲ್ಲ.

ಛದವೆಂಬ ಹೆಸರಿನ ವಿಚಾರವಾಗಿ ಒಂದೆರಡು ಮಾತು ಅವಶ್ಯಕ. ಇದನ್ನು ದೇಶ್ಯವೆಂದೋ ಪಾರಸೀಕವೆಂದೋ ತಿಳಿಯುವುದು ಸರಿಯಲ್ಲ. ಛದ ಎಂಬುದು ಹೊದಿಸು, ಮುಚ್ಚು ಎಂಬರ್ಥದ ಧಾತುವಿನಿಂದ ಹುಟ್ಟಿ, ಹಕ್ಕಿಯ ರೆಕ್ಕೆಗೂ ಗಿಡದ ಎಲೆಗೂ ಸಲ್ಲುತ್ತದೆ. ಅಮರಸಿಂಹನು ಪತ್ರ, ಪಲಾಶ, ದಳ, ಪರ್ಣಗಳ ಸಾಲಿನಲ್ಲಿಯೇ ಇದನ್ನು ಹೇಳಿ ಪುಲ್ಲಿಂಗವೆಂದು ವಿಧಿಸಿದ್ದಾನೆ. ಇಸ್ಪೀಟಿನ ಹಾಳೆಗೆ ಕನ್ನಡಿಗರು ಎಲೆಯೆಂದೇ ಹೇಳುವುದರಿಂದ, ಎಲೆಯಾಟವೆಂಬ ಬಾಯಿಮಾತನ್ನು ಅಮರಕೋಶದ ಮಾತಿಗೆ ತಿರುಗಿಸಿದಂತಾಯಿತು. ಇನ್ನೊಂದು ಅಂಶವೂ ಇದೆ. ಹೊದಿಕೆಯೆಂಬ ಮೂಲಾರ್ಥವು ಮುಖವನ್ನು ಮರೆಮಾಡಿಕೊಂಡು ಕೈಯಲ್ಲಿ ಹಿಡಿಯುವ ಎಲೆಗೆ ತಾನಾಗಿಯೇ ಒಪ್ಪುತ್ತದೆ. ಹೆಸರಿಟ್ಟವರು ಕೋಶವನ್ನು ಚೆನ್ನಾಗಿ ಬಲ್ಲವರು.

ಈಗ ಕಾಲಹರಣದ ಪ್ರಶ್ನೆಗೆ ಬರೋಣ. ಮುಮ್ಮಡಿಯವರು 1799ರಲ್ಲಿ ಐದು ವರ್ಷದ ಬಾಲಕರಾಗಿದ್ದಾಗ ಪಟ್ಟಕ್ಕೆ ಬಂದರು. 1831ರಲ್ಲಿ ಇಂಗ್ಲೀಷರು ರಾಜ್ಯದ ಆಡಳಿತವನ್ನು ಅವರಿಂದ ಕಿತ್ತುಕೊಂಡರು. ಅದಕ್ಕೆ ಕಾರಣವಾಗಿ ಹೇಳಿದ್ದು 1830–31ರ ನಗರದ ದಂಗೆಯನ್ನು. ಹೊನ್ನಾಳಿ, ಚನ್ನಗಿರಿ ಸೀಮೆಗಳು ಆಗ ನಗರದ ಫೌಜುದಾರಿಗೆ ಸೇರಿದ್ದುವು. ಈಚೆಗೆ ಪ್ರತ್ಯೇಕ ತಾಲ್ಲೂಕಾದ ನ್ಯಾಮತಿಯು ಹೊನ್ನಾಳಿಯ ಸೀಮೆಯೊಳಗೇ ಇತ್ತು. ಜಗಳೂರು ಚಿತ್ರದುರ್ಗದ ಕಡೆಯದು. ಕಂದಾಯದ ಭಾರದಿಂದಲೂ ಅಧಿಕಾರಿಗಳ ಕಿರುಕುಳದಿಂದಲೂ ಬೇಸತ್ತ ರೈತರು ಕೂಟಗಳನ್ನು ಕಟ್ಟಿದರು. ಕೆಳದಿಯ ಅರಸರ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪನೂ ತರೀಕೆರೆಯ ಪಾಳೆಯಗಾರನೂ ಆ ಕಿಚ್ಚಿಗೆ ಗಾಳಿಹಾಕಿದರು. ಈ ದಂಗೆಯು ಇಂಗ್ಲೀಷ್ ಸೈನ್ಯದ ನೆರವಿನಿಂದ ಅಡಗಿತು. ಅದರ ಬೆಲೆಯಾಗಿ ದೊರೆಯು ಅಧಿಕಾರವನ್ನು ತೆರಬೇಕಾಯಿತು. ಆಮೇಲೆ ಮೂವತ್ತೇಳು ವರ್ಷ ಕಾಲ, ಎಂದರೆ 1868ರಲ್ಲಿ ತೀರಿಕೊಳ್ಳುವವರೆಗೆ, ಅವರು ರಾಜ್ಯವಿಲ್ಲದ ರಾಜರು. ಅವರು ಕಲ್ಪಿಸಿದ ಎಲೆಯಾಟಗಳು ಆ ಶತಮಾನದ ನಡುಭಾಗದವು, ಈ ಅವಧಿಯವು. ಹೀಗೆ ನೋಡಿದರೆ, ನಮ್ಮ ಸೀಮೆಯ ರೈತರ ಸಿಟ್ಟಿಗೂ ಮೈಸೂರಿನ ಅರಮನೆಯ ಚಿತ್ರಗಾರನ ಕುಂಚಕ್ಕೂ ಕಾರ್ಯಕಾರಣಸಂಬಂಧವಿದೆಯೆನ್ನಬೇಕಾಗುತ್ತದೆ. ಇದು ದೂರಾನ್ವಯವೆಂದು ಕೆಲವರಿಗೆ ತೋರಬಹುದು. ದೊರೆಯ ವಿದ್ಯಾಸಕ್ತಿಗೆ ದಂಗೆಯೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಅಷ್ಟು ದೀರ್ಘವಾದ ಬಿಡುವನ್ನು ಒದಗಿಸಿದ ಕಾರಣಗಳಲ್ಲಿ ದಂಗೆಯನ್ನು ಬಿಡಲಾಗದು. ಹೊನ್ನಾಳಿಯಲ್ಲಿ ನಿಂತು ಆ ಬಿಡುವನ್ನು ಹಾಸ್ಯಮಾಡಿದವನು ಇದನ್ನು ಮೊದಲೇ ಯೋಚಿಸಬೇಕಾಗಿತ್ತು.

ಬಿಡುವು ಇದ್ದ ಮಾತ್ರಕ್ಕೆ ಅದು ವ್ಯರ್ಥವಾಯಿತೆಂದು ಹೇಗೆ ಹೇಳುವುದು? ನಮ್ಮ ಪಾಠಶಾಲೆಗಳಲ್ಲಿ ಎಲೆಯಾಟವೆಂದರೆ ದ್ಯೂತ, ದ್ಯೂತವೆಂದರೆ ವ್ಯಸನ ಎಂದು ಒಂದೇ ಉಸಿರಿನಲ್ಲಿ ಹೇಳಿಕೊಟ್ಟಿರುತ್ತಾರೆ. ಋಗ್ವೇದದ ಅಕ್ಷಸೂಕ್ತದಿಂದ ಧರ್ಮರಾಯನ ಕಥೆಯವರೆಗೆ ಉದಾಹರಣೆಗಳಿಗೇನೂ ಬರವಿಲ್ಲ. ಆದರೆ ಮನುವು ದ್ಯೂತವನ್ನು ಸಮಾಹ್ವಯದಿಂದ ಬೇರ್ಪಡಿಸಿ ಲಕ್ಷಣ ಹೇಳುವಾಗ ಅವನ ಕಣ್ಣೆದುರು ಇರುವುದು ಪಣವಿಟ್ಟ ಆಟ. ಪಣವಿಲ್ಲದ ಕ್ರೀಡೆಗೆ ಆ ನಿಷೇಧವನ್ನು ಹಚ್ಚಲಾಗದು. ವಾತ್ಸ್ಯಾಯನನಂತೂ ಅರುವತ್ತುನಾಲ್ಕು ಕಲೆಗಳ ಪಟ್ಟಿಯಲ್ಲಿ ದ್ಯೂತವಿಶೇಷಗಳಿಗೂ ಸ್ಥಾನ ಕೊಟ್ಟಿದ್ದಾನೆ. ಛದಗಳನ್ನು ವಿವರಿಸಿದ ಭಾಗಕ್ಕೆ ಗ್ರಂಥದಲ್ಲಿ ಇಟ್ಟಿರುವ ಹೆಸರು ಕೌತುಕನಿಧಿಯೆಂದು, ವ್ಯಸನನಿಧಿಯೆಂದಲ್ಲ. ಚದುರಂಗದ ಮಣೆಯಲ್ಲಿ ಕುದುರೆಯನ್ನು ಒಂದು ಮನೆಯನ್ನೂ ಎರಡು ಸಲ ತುಳಿಯದಂತೆ ಎಲ್ಲ ಮನೆಗಳಲ್ಲಿ ಸುತ್ತಿಸುವ ಸಮಸ್ಯೆಯನ್ನು ಸಾಧಿಸಿದ ಕೀರ್ತಿಯೂ ಇದೇ ದೊರೆಯದು. ಈ ಬುದ್ಧಿಯನ್ನು ಕಾಲಹರಣವೆಂದರೆ ಲೀಲಾವತಿಯ ಲೆಕ್ಕಗಳನ್ನೂ ಹಾಗೆಯೇ ಅನ್ನಬೇಕಾದೀತು.

ಇದಕ್ಕಿಂತ ಮುಖ್ಯವಾದುದು ಮೂರ್ತಿಶಾಸ್ತ್ರದ ವಿಷಯ. ನವಗ್ರಹ ಛದದ ಚಿತ್ರವನ್ನು ವಿಚಾರಿಸಬೇಕಾದರೆ ಅದೇ ಗ್ರಂಥದ ಗ್ರಹನಿಧಿಯನ್ನು ತೆರೆಯಬೇಕು. ಚಾಮುಂಡೇಶ್ವರೀ ಛದಕ್ಕೆ ಶಕ್ತಿನಿಧಿಯೇ ಮೊದಲ ಆಶ್ರಯ. ಬಣ್ಣ, ಭುಜಸಂಖ್ಯೆ, ಆಯುಧ, ವಾಹನ ಇವುಗಳನ್ನು ಎಂಟು ನಿಧಿಗಳಲ್ಲಿ ಶ್ಲೋಕಗಳಿಂದ ಕಟ್ಟಿಕೊಟ್ಟ ದೊರೆಯು ಒಂಬತ್ತನೆಯದರಲ್ಲಿ ಅವುಗಳನ್ನು ಅಂಗೈಯ ಮೇಲೆ ಇಟ್ಟು ಆಡಿಸುತ್ತಾನೆ. ಎಲೆ ಹಿಡಿದವನು ದೇವತೆಯನ್ನು ಗುರುತಿಸದೆ ಆಟವನ್ನು ಆಡಲಾರನು. ಗುರುತಿಸುತ್ತ ಗುರುತಿಸುತ್ತ ಧ್ಯಾನಶ್ಲೋಕದ ಲಕ್ಷಣಗಳು ಅವನಿಗೆ ಕಂಠಸ್ಥವಾಗುತ್ತವೆ. ಹೀಗಿರುವಾಗ ಕೌತುಕನಿಧಿಯು ಗ್ರಂಥದ ಬಾಲವಲ್ಲ, ಉಳಿದ ಎಂಟರ ಪ್ರಯೋಗಭಾಗವೆಂದು ನನ್ನ ಈಗಿನ ಅಭಿಪ್ರಾಯ.

ಲೈಡೆನ್ನರ ಕೆಲಸದ ಬೆಲೆ ಇಲ್ಲಿಯೇ ತಿಳಿಯುತ್ತದೆ. ಮೈಸೂರಿನ ಛದಗಳು ಪೂರ್ಣವಾಗಿಯೂ ಅಪೂರ್ಣವಾಗಿಯೂ ಸಂಗ್ರಾಹಕರ ಕೈಗೆ ಸೇರಿ ದೇಶಾಂತರಗಳಿಗೆ ಚದರಿದ್ದುವು. ಬಿಡಿ ಎಲೆಯೊಂದನ್ನು ಕಂಡವರು ಅದನ್ನು ಸುಂದರವಾದ ಚಿಕ್ಕ ಚಿತ್ರವೆಂದು ಮೆಚ್ಚಬಹುದಾಗಿತ್ತೇ ಹೊರತು ಅದು ಯಾವ ಆಟದ ಯಾವ ವರ್ಗದ ಎಷ್ಟನೆಯ ಎಲೆಯೆಂದು ಹೇಳಲಾಗುತ್ತಿರಲಿಲ್ಲ. ಎಲೆಗಳನ್ನು ಗ್ರಂಥಕ್ಕೆ ಹೊಂದಿಸಿ, ಗ್ರಂಥವೇ ಇವುಗಳಿಗೆ ಕೀಲಿಯೆಂದು ತೋರಿಸಿಕೊಟ್ಟುದು ಅವರ ಉಪಕಾರ. ಸಂಗ್ರಹಕಾರರಲ್ಲಿ ಸತೃಣಾಭ್ಯವಹಾರಿಗಳು ಬಹಳ. ಸಿಕ್ಕಿದ್ದನ್ನೆಲ್ಲ ಪೆಟ್ಟಿಗೆಗೆ ತುಂಬುವವರು. ಇವರು ಆ ಪಂಕ್ತಿಯವರಲ್ಲ. ರಾಜಶೇಖರನು ಕಡೆಗೆ ಹೇಳಿದ ತತ್ತ್ವಾಭಿನಿವೇಶಿಯ ಪಂಕ್ತಿಯಲ್ಲಿ ಇವರನ್ನು ಕೂರಿಸಲು ನನಗೆ ಸಂಕೋಚವಿಲ್ಲ. ಆದರೆ ಅವರು ಚಿತ್ರದ ಕಡೆಯಿಂದ ಗ್ರಂಥಕ್ಕೆ ಬಂದವರು. ಗ್ರಂಥದ ಕಡೆಯಿಂದ ಚಿತ್ರಕ್ಕೆ ಹೋಗತಕ್ಕ ಕೆಲಸವು ನಮ್ಮದಾಗಿತ್ತು, ಇನ್ನೂ ನಮ್ಮದಾಗಿಯೇ ಇದೆ. ಒಂದೊಂದು ಛದದ ಮೂರ್ತಿಗಳನ್ನೂ ಮೊದಲಿನ ನಿಧಿಗಳ ಧ್ಯಾನಗಳೊಡನೆ ಸಾಲುಸಾಲಾಗಿ ಹೋಲಿಸಿ, ಎಲ್ಲಿ ದೊರೆಯು ಆಗಮವನ್ನು ಅನುಸರಿಸಿದನು, ಎಲ್ಲಿ ಆಟದ ಅನುಕೂಲಕ್ಕಾಗಿ ಬಣ್ಣವನ್ನೋ ವಾಹನವನ್ನೋ ಬದಲಾಯಿಸಿದನು ಎಂಬುದನ್ನು ನಿರ್ಣಯಿಸಬೇಕು. ಇದಕ್ಕೆ ಸಂಸ್ಕೃತವೂ ಕನ್ನಡವೂ ಬಲ್ಲ ಇಬ್ಬರು, ಚಿತ್ರ ಬಲ್ಲ ಒಬ್ಬರು, ಹೀಗೆ ಮೂವರು ಕೂಡಿದರೆ ಸಾಕು. ಗಂಜೀಫವನ್ನು ಆಡುವುದಕ್ಕೂ ಮೂವರೇ ವಾಡಿಕೆ.

ಕಡೆಯದಾಗಿ ಒಂದು ವಿಜ್ಞಾಪನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗ‍ಳೂರುಗಳ ಕಡೆ ಹಳೆಯ ಶಾನುಭೋಗರ ಮನೆಗಳೂ ಮಠಗಳೂ ವರ್ತಕರ ಮನೆಗಳೂ ಎಷ್ಟೋ ಇವೆ. ಛದಗಳು ಇಲ್ಲಿ ದೊರೆಯುವ ಸಂಭವ ಕಡಮೆ. ದಶಾವತಾರದ ದುಂಡೆಲೆಗಳು ಸಿಕ್ಕಬಹುದು. ಅಟ್ಟದ ಮೇಲಿನ ಮರದ ಸಂಪುಟಗಳಲ್ಲಿ ಅಂಥವು ಕಂಡರೆ, ಮಕ್ಕಳ ಆಟದ ಬಿಲ್ಲೆಗಳೆಂದು ಹಂಚಿಬಿಡದೆ, ಒಟ್ಟು ಎಲೆಗಳೆಷ್ಟು, ಬೆನ್ನಿನ ಬಣ್ಣ ಯಾವುದು, ಪ್ರತಿಯೊಂದು ವರ್ಗದ ಗುರುತು ಏನು, ರಾಜನೆಲೆಯಲ್ಲಿ ಯಾವ ಮೂರ್ತಿ ಯಾವ ಆಸನದಲ್ಲಿದೆ ಎಂಬಿಷ್ಟನ್ನು ಬರೆದು ಪತ್ರಿಕೆಯ ಸಂಪಾದಕರಿಗೆ ತಿಳಿಸಬೇಕೆಂದು ಕೋರುತ್ತೇನೆ. ಎಲೆಗಳು ಅಪೂರ್ಣವಾಗಿದ್ದರೂ ಚಿಂತೆಯಿಲ್ಲ. ಆದರೆ ಇರುವಷ್ಟನ್ನೂ ಒಂದೇ ಸಂಪುಟದಲ್ಲಿಯೇ ಇಟ್ಟಿರಬೇಕು.